ಕಾಲಿನ ಪೀರಿಯಡ್ಡು

ಭೂಗೋಳದ ಮೇಷ್ಟ್ರಿಗೆ ನಲವತ್ತಾರು ತುಂಬುವಷ್ಟರಲ್ಲಿ ಹೊಟ್ಟೆಯೂ ಗೋಳವಾಗಿತ್ತು. ಡಾಕ್ಟರು "ದಿನಾ ನಡೀರಿ" ಅಂದರು. ನಡೆಯುವುದನ್ನು ನಾಯಿಯೂ ಮಾಡುತ್ತದಲ್ಲ ಎಂದುಕೊಂಡ ಮೇಷ್ಟ್ರು, ಕುರ್ಚಿ ಮೇಜಿನ ಅಂಗಡಿಯ ನೆಲಮಾಳಿಗೆಯಲ್ಲಿದ್ದ ಜಿಮ್ಮಿಗೆ ಸೇರಿಕೊಂಡರು.

ಮೊದಲ ದಿನ ಅವರು ಎತ್ತಿದ್ದು ಸ್ಕೇಲು ಮತ್ತು ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಇಪ್ಪತ್ತು ವರ್ಷದಿಂದ ಶಾಲೆಯ ಟೈಮ್‌ಟೇಬಲ್ ಹಾಕುತ್ತಿದ್ದ ಕೈ ಅದು. ಮೂವತ್ತೆರಡು ಜನ ಮೇಷ್ಟ್ರು ಮೇಡಮ್ಮುಗಳನ್ನು ಒಬ್ಬರ ತಲೆಯ ಮೇಲೊಬ್ಬರು ಬೀಳದಂತೆ ಚೌಕಗಳಲ್ಲಿ ಕೂಡಿಸಿದವರಿಗೆ ಜುಜುಬಿ ಒಂದು ದೇಹ ಯಾವ ಲೆಕ್ಕ? ಏಳು ಖಂಡಗಳನ್ನು ಗೋಡೆಗೆ ನೇತುಹಾಕಿದವರು ಮಾಂಸಖಂಡಗಳನ್ನೂ ನೇತುಹಾಕಿದರು: ಸೋಮವಾರ ಎದೆ ಮತ್ತು ತೋಳಿನ ಹಿಂಭಾಗ, ಮಂಗಳವಾರ ಬೆನ್ನು ಮತ್ತು ತೋಳಿನ ಮುಂಭಾಗ, ಬುಧವಾರ ಭುಜ, ಗುರುವಾರ ಕಾಲು, ಶುಕ್ರವಾರ ಮತ್ತೆ ಎದೆ. ದೊಡ್ಡ ಖಂಡಕ್ಕೆ ಮೊದಲ ಪೀರಿಯಡ್ಡು, ಸಣ್ಣದಕ್ಕೆ ಕೊನೆಯದು. ದುಡಿದ ಖಂಡಕ್ಕೆ ಎರಡು ದಿನ ಬಿಡುವು. ನೋಡಿದವರು ತಲೆದೂಗುವ ಹಾಗಿತ್ತು. ಪಟ್ಟಿಯಲ್ಲಿ ಮಾತ್ರ.

ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಯಾರದಾದರೂ ಪಾಠ ಹಿಂದೆ ಬಿದ್ದರೆ ಪಿ.ಟಿ. ಪೀರಿಯಡ್ಡನ್ನು ಕಿತ್ತು ಅವರಿಗೆ ಕೊಡುವುದು. ಪೀಟಿ ಮೇಷ್ಟ್ರು, ಮಕ್ಕಳ ಬಾಯಲ್ಲಿ ಸೀಟಿ ಮೇಷ್ಟ್ರು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಸ್ಟಾಫ್‌ರೂಮಿನಲ್ಲಿ ನೊಣ ಹೊಡೆಯುತ್ತಿದ್ದರು. ಅದೇ ಚಾಳಿ ಜಿಮ್ಮಿಗೂ ಬಂತು. ಎದೆ ಹಿಂದುಳಿದಿದೆ ಎಂದು ಮೇಷ್ಟ್ರಿಗೆ ಅನ್ನಿಸಿದಾಗಲೆಲ್ಲ ಕಾಲಿನ ಪೀರಿಯಡ್ಡು ಎದೆಗೆ ಹೋಯಿತು. ಅನ್ನಿಸುತ್ತಿದ್ದದ್ದು ಸರಿಯಾಗಿ ಗುರುವಾರಗಳಂದೇ. ಬಿಡುವಿನ ನಿಯಮಕ್ಕೂ ಅಂದು ಬಿಡುವು.

"ಸಾರ್, ಒಂದಿಪ್ಪತ್ತು ಬಸ್ಕಿನಾದ್ರೂ ಹೊಡೀರಿ," ಅಂದಿದ್ದ ಜಿಮ್ಮಿನ ಯಜಮಾನ.

"ಬಸ್ಕೀನಾ? ಅದು ನಾನು ಹುಡುಗರಿಗೆ ಕೊಡೋ ಶಿಕ್ಷೆ ಕಣಯ್ಯಾ. ಪ್ಯಾಂಟಿನೊಳಗಿರೋದನ್ನ ಯಾರು ನೋಡ್ತಾರೆ?"

ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದ ಹೆಂಡತಿ ನೋಡಿದ್ದರು. "ರೀ, ಅಂಗಿ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ತಿದ್ದೀನಿ, ಪ್ಯಾಂಟು ಹಿಡಿದು ಚಿಕ್ಕದು ಮಾಡ್ತಿದ್ದೀನಿ. ಇಬ್ಬರು ಗಂಡಂದಿರಿಗೆ ಹೊಲಿದ ಹಾಗಾಗ್ತಿದೆ ನಂಗೆ."

"ನಿಂಗೆ ಅನಾಟಮಿ ಗೊತ್ತಿಲ್ಲ."

"ಅಳತೆ ಗೊತ್ತು."

ಕಾಲಕ್ಕೆ ಕೊಟ್ಟ ಬೆಲೆಯನ್ನು ಮೇಷ್ಟ್ರು ಕಾಲಿಗೆ ಕೊಡಲಿಲ್ಲ. ಹೀಗೆ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಊರಲ್ಲಿ ನಲವತ್ತು ದಾಟಿದವರ ದೇಹದಾರ್ಢ್ಯ ಸ್ಪರ್ಧೆಯ ಸುದ್ದಿ ಬಂತು. ಒಂದು ಜಿಮ್ಮಿನಿಂದ ಒಬ್ಬರೇ. ಮೇಷ್ಟ್ರು ಆಯ್ಕೆಗೆ ಮೊದಲೇ ಹೆಡ್‌ಮಾಸ್ಟರ ಕೋಣೆಯ ಷೋಕೇಸಿನಲ್ಲಿ ಬಹುಮಾನದ ಕಪ್ಪು ಇಡುವ ಜಾಗವನ್ನು ಗೇಣು ಹಾಕಿ ಅಳೆದರು. ಸ್ಟಾಫ್‌ರೂಮಿನ ಅಷ್ಟೂ ಮಂದಿಗೆ ಸ್ಪರ್ಧೆಗೆ ಬರಲು ಹೇಳಿದರು. ಇನ್ನು ಹಿಂದೆ ಸರಿದರೆ ಮಾನ ಹರಾಜು. ಅದೇ ಜಿಮ್ಮಿನಲ್ಲಿ ಯಾವ ಪಟ್ಟಿಯೂ ಇಲ್ಲದೆ ದಿನಾ ಬಸ್ಕಿಯಿಂದ ಶುರುಮಾಡುತ್ತಿದ್ದ ಸೀಟಿ ಮೇಷ್ಟ್ರೂ ಹೆಸರು ಕೊಟ್ಟಾಗ ಇವರು ನಕ್ಕುಬಿಟ್ಟರು. "ಟೈಮ್‌ಟೇಬಲ್ಲೇ ಇಲ್ಲದ ಮನುಷ್ಯ!"

ಆಯ್ಕೆಯ ದಿನ ಬಂತು. ಗುರುವಾರ. ಭೂಗೋಳದ ಮೇಷ್ಟ್ರು ಅಂಗಿ ಬಿಚ್ಚಿದರು. ಎದೆಯ ವಿಷಯದಲ್ಲಿ ಎರಡು ಮಾತಿಲ್ಲ, ಬಾಗಿಲು ತೆರೆದಿಟ್ಟ ಬೀರುವಿನ ಹಾಗಿತ್ತು. ಬೀರುವನ್ನು ಎರಡು ಅಗರಬತ್ತಿಯ ಮೇಲೆ ನಿಲ್ಲಿಸಿದ್ದರು, ಅಷ್ಟೇ.

ಯಜಮಾನ ಇಬ್ಬರ ಹೆಗಲಿಗೂ ರಾಡು ಏರಿಸಿದ. "ಹತ್ತು ಬಸ್ಕಿ. ಮುಗಿಸಿದವರು ಸ್ಟೇಜಿಗೆ."

ಸೀಟಿ ಮೇಷ್ಟ್ರು ಕೂತರು, ಎದ್ದರು, ಕೂತರು, ಎದ್ದರು. ಹತ್ತು ಮುಗಿಸಿ ಮುಖ ಒರೆಸಿಕೊಂಡರು. ಭೂಗೋಳದ ಮೇಷ್ಟ್ರು ಒಂದು ಮುಗಿಸಿದರು. ಎರಡನೆಯದಕ್ಕೆ ಕೂತರು. ಕೂತೇ ಇದ್ದರು. ಯಜಮಾನ ರಾಡು ಇಳಿಸಿದ; ಆಮೇಲೂ ಕೂತೇ ಇದ್ದರು. ಮೊಣಕಾಲು ಹೊಲಿಗೆ ಮಷೀನಿನ ಸೂಜಿಯಂತೆ ಅದುರುತ್ತಿತ್ತು.

"ಏಳಿ ಸಾರ್."

"ಇರಪ್ಪಾ... ಯೋಚನೆ ಮಾಡ್ತಿದ್ದೀನಿ."

ಇಪ್ಪತ್ತು ವರ್ಷ ಸ್ಟಾಫ್‌ರೂಮಿನಲ್ಲಿ ತುಕ್ಕು ಹಿಡಿದಿದ್ದ ಸೀಟಿ ಫುರ್ರ್ ಎಂದು ಕೂಗಿತು. "ಪೀರಿಯಡ್ ಮುಗೀತು ಸಾರ್," ಅಂದರು ಸೀಟಿ ಮೇಷ್ಟ್ರು, ತುಂಬ ಮರ್ಯಾದೆಯಿಂದ. ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು.

ಬುದ್ಧಿ ಬಂತೇ? ಬಂದದ್ದು ಹೊಸ ಪಟ್ಟಿ: ಸೋಮವಾರದಿಂದ ಶನಿವಾರದವರೆಗೆ ಆರೂ ದಿನ ಕಾಲು. ಸೋಮವಾರ ನೂರು ಬಸ್ಕಿ ಹೊಡೆದರು. ಮಂಗಳವಾರ ಮಂಚದಿಂದ ಇಳಿಯಲಾಗಲಿಲ್ಲ. ಬುಧವಾರವೂ ಅಷ್ಟೇ. ಮಲಗಿದಲ್ಲಿಂದಲೇ ಶಾಲೆಯ ಗುಮಾಸ್ತನಿಗೆ ಫೋನು ಹಚ್ಚಿದರು.

"ನನ್ನ ಕ್ಲಾಸುಗಳು ಯಾರಿಗೆ ಹೋದ್ವಯ್ಯಾ?"

"ನೀವೇ ಬರೆದಿರೋ ರೂಲ್ ಅಲ್ವಾ ಸಾರ್? ರಜೆ ಹಾಕಿದವರ ಪೀರಿಯಡ್ಡು ಖಾಲಿ ಕೂತವರಿಗೆ. ಖಾಲಿ ಕೂತಿದ್ದೋರು ಪೀಟಿ ಮೇಷ್ಟ್ರೊಬ್ಬರೇ."

"ಭೂಗೋಳ ಮಾಡ್ತಿದ್ದಾರಾ?"

"ಮೈದಾನದಲ್ಲಿ ಓಡಿಸ್ತಿದ್ದಾರೆ ಸಾರ್. ಭಾನುವಾರದ ಕಾಂಪಿಟೇಷನ್‌ಗೆ ಮಕ್ಕಳೆಲ್ಲ ಅವರ ಜೊತೆ ಹೋಗ್ತಾರಂತೆ. ನೀವೂ ಬರ್ತೀರಾ?"

ಮೇಷ್ಟ್ರು ಫೋನಿಟ್ಟರು. ಪಟ್ಟಿ ತಿದ್ದೋಣವೆಂದು ಕೈ ಚಾಚಿದಾಗ ಕೆಂಪು ಸ್ಕೆಚ್ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಬಗ್ಗುವುದು ಕನಸಿನ ಮಾತು.

"ಲೇ, ಇದನ್ನ ಸ್ವಲ್ಪ ಎತ್ತಿಕೊಡೇ."

ಮಷೀನಿನ ಮುಂದೆ ಕೂತಿದ್ದ ಹೆಂಡತಿ ದಾರ ಕಚ್ಚಿ ಕತ್ತರಿಸಿದರು. "ಇವತ್ತು ನಂದು ಕೈ ಕೆಲಸದ ದಿನ ರೀ. ಬಗ್ಗೋ ಪೀರಿಯಡ್ಡು ನಾಳೆ."