ಕರಕಿ ತರದವರಿಗೆ ಮಜ್ಜಿಗಿ ಇಲ್ಲ

ಚಿಗವ್ವನ ಬಲಗೈ ಮಣಿಕಟ್ಟಿನವರೆಗೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಬಳೆಗಳನ್ನು ಮೊಣಕೈ ಹತ್ತಿರಕ್ಕೆ ಏರಿಸಿಕೊಂಡು, ಜೋಳದ ಹಿಟ್ಟಿನಲ್ಲಿ ಅಂಗೈ ಅದ್ದಿ ಆಕೆ ರೊಟ್ಟಿ ಬಡಿಯಲು ಕುಳಿತಳೆಂದರೆ, ಮೇಲಿನ ಕೋಣೆಯಲ್ಲಿ ನನ್ನ ನೀರಿನ ತಂಬಿಗೆ ನಡುಗುತ್ತಿತ್ತು. ಅಗಲವಾದ ಅಂಗೈ, ಹಂಚಿನ ಬಿಸಿಗೆ ಗಟ್ಟಿಯಾದ ಬೆರಳತುದಿಗಳು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಊಟಕ್ಕೆ ಬಂದು, ಆ ಕೈ ಹಿಡಿದು, ಇದರಲ್ಲಿ ಗೆರೆಗಳೇ ಸವೆದುಹೋಗಿವೆಯಲ್ಲ ಎಂದನಂತೆ. ಗೆರೆ ಹೋದರೆ ಹೋಗಲಿ, ನೀ ಇನ್ನೊಂದು ರೊಟ್ಟಿ ಹಾಕಿಸಿಕೋ ಎಂದಳಂತೆ ಈಕೆ.

ಅಣ್ಣಿಗೇರಿಯಲ್ಲಿ ಆಕೆಯದು ಖಾನಾವಳಿ. ಅದರ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ; ಪೇಟೆಯಲ್ಲಿ ನನ್ನದೊಂದು ಸಣ್ಣ ಔಷಧಿ ಅಂಗಡಿ. ಮಿಶ್ರಿಕೋಟಿಯಿಂದ ಪೆಟ್ಟಿಗೆ ಹಿಡಿದು ಬಂದ ದಿನ ನಾನು 'ನಮಸ್ಕಾರ್ರಿ ಅಕ್ಕಾರ' ಎಂದದ್ದು ಆಕೆಗೆ ಸೇರಲಿಲ್ಲ.

"ನನಗ ರೀ ಹಚ್ಚಬ್ಯಾಡವಾ. ಉಣ್ಣಾಕ ಬರಾವ್ರೆಲ್ಲಾ ಹಚ್ಚತಾರ. ನೀ ಮನ್ಯಾಗ ಇರಾಕಿ, ಚಿಗವ್ವ ಅನ್ನು," ಎಂದಳು. ಅಂದಿನಿಂದ ಆಕೆ ನನಗೆ ಚಿಗವ್ವ.

ಬಡಿಸುವುದು ಬೇರೆ, ಒತ್ತಾಯ ಮಾಡಿ ಬಡಿಸುವುದು ಬೇರೆ. ನಮ್ಮ ಕಡೆ ಎಲ್ಲರೂ ಒತ್ತಾಯ ಮಾಡುತ್ತಾರೆ, ಆದರೆ ಚಿಗವ್ವನದು ಅದರಲ್ಲಿ ಎತ್ತಿದ ಕೈ. ಸಾಕು ಎಂಬ ಮಾತು ಆಕೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಸೌಟಿನಿಂದ ಬೆರಳ ಮೇಲೆ ಟಕ್ ಎಂದು ಬಡಿಯುತ್ತಿದ್ದಳು. ಬೆರಳು ಸರಿಯುವುದರೊಳಗೆ ರೊಟ್ಟಿ ತಾಟಿಗೆ ಬಿದ್ದಿರುತ್ತಿತ್ತು. ಮೂಟೆ ಹೊರುವ ಹಮಾಲರು, ಕಾಳು ಮಾರಲು ಬಂದ ರೈತರು, ಬಸ್ಸು ತಪ್ಪಿಸಿಕೊಂಡ ಮಾಸ್ತರರು ಎಲ್ಲರಿಗೂ ಆ ಟಕ್ ಗೊತ್ತು. ನನಗಂತೂ ಮೊದಲಿನಿಂದಲೂ ಹೊಟ್ಟೆಯದೇ ರಗಳೆ. ತುಸು ಹೆಚ್ಚು ಉಂಡರೆ ಎದೆ ಉರಿ, ಕಡಿಮೆ ಉಂಡರೆ ತಲೆಶೂಲೆ. ಅಣ್ಣಿಗೇರಿಯಲ್ಲೇ ನನ್ನಷ್ಟು ದರಿದ್ರ ಗಿರಾಕಿ ಆಕೆಗೆ ಸಿಕ್ಕಿರಲಿಲ್ಲ.

ಇಂಥ ಮನೆಗೆ ಎರಡು ಗಿನಿಪಿಗ್ ಬಂದವು. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕ ಬೇರೆ ಮನೆಗೆ ಹೋದಳು, ಅಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ಪಂಜರಸಮೇತ ನನ್ನ ಕೋಣೆಯಲ್ಲಿ ಇಟ್ಟುಹೋದಳು. ಮೊಲಕ್ಕಿಂತ ಸಣ್ಣವು, ಇಲಿಗಿಂತ ದೊಡ್ಡವು, ಬಾಲವೇ ಇಲ್ಲ. ಹೆಸರಿನಲ್ಲಿರುವ 'ಪಿಗ್' ಏನೆಂದು ನಾನು ಚಿಗವ್ವನಿಗೆ ಬಿಡಿಸಿ ಹೇಳಲು ಹೋಗಲಿಲ್ಲ, ಆಕೆಯ ಅಡುಗೆಮನೆ ಅಗದಿ ಮಡಿ. ಆಕೆ ಅವನ್ನು 'ಗಿನ್ನಿಗೋಳು' ಎಂದಳು. ಕೆಂಚು ಬಣ್ಣದ್ದಕ್ಕೆ ಬೆಲ್ಲ, ಕಪ್ಪಗಿದ್ದದ್ದಕ್ಕೆ ಗುರೆಳ್ಳು ಎಂದು ಹೆಸರಿಟ್ಟಳು. ಮಾರನೆಯ ಬೆಳಿಗ್ಗೆ ಕೆಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾದದ್ದೇ ತಡ, ಎರಡೂ ಪಂಜರದ ಬಾಗಿಲಿಗೆ ಓಡಿಬಂದು ಕುಯ್ಯೋ ಎಂದು ಸಿಳ್ಳೆ ಹೊಡೆಯತೊಡಗಿದವು. ಚಿಗವ್ವ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದಳು. ಕರೆದು ಬೇಡುವ ಗಿರಾಕಿ! ಅಷ್ಟು ವರ್ಷಗಳ ಖಾನಾವಳಿಯಲ್ಲಿ ಆಕೆಗೆ ಇಂಥ ಸಂಭ್ರಮ ಆಗಿರಲಿಕ್ಕಿಲ್ಲ.

ಆಗಲೇ ನಾನು ಅಡ್ಡ ನಿಂತು ಎಲ್ಲ ಹೇಳಿದೆ. ಇವುಗಳ ಹೊಟ್ಟೆ ಬಹಳ ನಾಜೂಕು. ಇಡೀ ದಿನ ಒಣ ಹುಲ್ಲು ಮೆಲ್ಲುತ್ತ ಇರಬೇಕು, ಹೊಟ್ಟೆ ನಡೆಯುತ್ತ ಇರಬೇಕು. ಅದು ನಿಂತರೆ ಒಳಗೆ ಗಾಳಿ ತುಂಬುತ್ತದೆ. ಇವಕ್ಕೆ ವಾಂತಿ ಬರುವುದಿಲ್ಲ, ಹೊರಗೆ ಹಾಕಲು ದಾರಿ ಇಲ್ಲ, ಜೀವವೇ ಹೋಗಬಹುದು. ಹುಲ್ಲಿನ ಜೊತೆಗೆ ಒಂದು ತುಂಡು ಡಬ್ಬು ಮೆಣಸಿನಕಾಯಿ, ನಾಲ್ಕೆಳೆ ಕೊತ್ತಂಬರಿ. ರೊಟ್ಟಿ, ಅನ್ನ, ಬೇಳೆ, ಎಲೆಕೋಸು ಯಾವುದೂ ಕೂಡದು. ಹೊಸದೇನಾದರೂ ಕೊಡುವುದಿದ್ದರೆ ಉಗುರಿನಷ್ಟು ಕೊಟ್ಟು, ಕಾದು ನೋಡಬೇಕು.

"ಬರೇ ಹುಲ್ಲ? ಸನ್ಯಾಸಿಗೋಳೇನವಾ ಇವು?" ಎಂದು ಮುಖ ಸಣ್ಣದು ಮಾಡಿಕೊಂಡಳು.

ಆದರೆ ಹುಲ್ಲಾದರೆ ಹುಲ್ಲು, ಅದನ್ನೇ ಭರ್ತಿ ಕೊಡೋಣ ಎಂದು ನಿರ್ಧರಿಸಿದಳು. ನಮ್ಮ ಎರೆಹೊಲಗಳಲ್ಲಿ ಕರಕಿ ಎಂದರೆ ರೈತರಿಗೆ ತಲೆನೋವು. ಕಿತ್ತಷ್ಟೂ ಬರುವ ಆ ಗರಿಕೆಯನ್ನು ಬದುವಿಗೆ ಎಸೆದು ಬೈಯುವುದೇ ಎಲ್ಲರ ಕೆಲಸ. ಚಿಗವ್ವ ಅದನ್ನೇ ಕೇಳಿದಳು. ಊಟಕ್ಕೆ ಬರುವ ರೈತರೆಲ್ಲ ಬರುವಾಗ ಒಂದು ಹಿಡಿ ಕರಕಿ ತರಬೇಕು, ತರದವರಿಗೆ ಮಜ್ಜಿಗಿ ಇಲ್ಲ. ಮೊದಲು ನಕ್ಕರು. ಒಂದು ಮಧ್ಯಾಹ್ನ ಮಜ್ಜಿಗೆ ಇಲ್ಲದೆ ಎದ್ದುಹೋದ ಮೇಲೆ ಗಂಟು ಕಟ್ಟಿಕೊಂಡು ಬರತೊಡಗಿದರು. ಎಣ್ಣಿ, ಅಂದರೆ ಕೀಟನಾಶಕ, ಹೊಡೆದ ಹೊಲದ್ದೋ ಅಲ್ಲವೋ ಎಂದು ಒಬ್ಬೊಬ್ಬರನ್ನೂ ವಿಚಾರಿಸಿ, ಮೂಸಿ ನೋಡಿ, ತೊಳೆದು, ಮಾಳಿಗೆಯ ಮೇಲೆ ಸೀರೆ ಹಾಸಿ ಒಣಗಿಸುತ್ತಿದ್ದಳು. ಕಾಟ ಕೊಡುವ ಕಳೆಗೆ ಊರಲ್ಲಿ ಹೀಗೆ ಬೇಡಿಕೆ ಬಂದದ್ದು ಕಂಡು ನನಗೆ ನಗುವೋ ನಗು. ಬೆಲ್ಲ, ಗುರೆಳ್ಳು ಎರಡೂ ದುಂಡಗಾದವು.

ಬಂತು ಎಳ್ಳ ಅಮಾವಾಸ್ಯೆ. ನಾನು ಮಿಶ್ರಿಕೋಟಿಗೆ ಹೋಗಬೇಕಾಗಿತ್ತು. ಗಿನ್ನಿಗಳನ್ನು ಚಿಗವ್ವನ ಕೈಗೆ ಒಪ್ಪಿಸಿದೆ. ಆಕೆ ಅವನ್ನು ಬಿದಿರು ಬುಟ್ಟಿಯಲ್ಲಿಟ್ಟುಕೊಂಡು, ಖಾನಾವಳಿಯಲ್ಲಿ ಕೈಗೂಡಿಸುತ್ತಿದ್ದ ಸೊಸೆಯ ಜೊತೆ ಟ್ರ್ಯಾಕ್ಟರ್ ಹತ್ತಿ, ತಮ್ಮನ ಹೊಲಕ್ಕೆ ಚರಗ ಚೆಲ್ಲಲು ಹೋದಳು. ಆ ದಿನ ನಮ್ಮಲ್ಲಿ ಅಡುಗೆಯೆಲ್ಲವನ್ನೂ ಹೊಲಕ್ಕೆ ಒಯ್ದು, ಮೊದಲು ಭೂಮಿಗೆ ಎಡೆ ಹಿಡಿದು, ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಹಕ್ಕಿಗೆ, ಇರುವೆಗೆ, ಕಣ್ಣಿಗೆ ಕಾಣದ್ದಕ್ಕೂ ಒಂದು ಪಾಲು. ಎಲ್ಲರೂ ಉಣ್ಣುವ ಆ ಬಯಲಿನಲ್ಲಿ, ಬುಟ್ಟಿಯೊಳಗಿಂದ ಎರಡು ಜೀವ ಸಿಳ್ಳೆ ಹೊಡೆಯುತ್ತಿವೆ. ಸಜ್ಜಿ ಕಡುಬಿನ ತುಂಡು ಬುಟ್ಟಿಗೆ ಹೋಯಿತು. ಇಬ್ಬನಿ ಆರದ ಕಡಲೆ ಗಿಡದ ಎಳೆ ಕುಡಿಗಳೂ ಹಿಡಿ ಹಿಡಿಯಾಗಿ ಹೋದವು. ಗುರೆಳ್ಳು ಅಂಜುಬುರುಕ, ಮೂಸಿ ಬಿಟ್ಟಿತು. ಬೆಲ್ಲ ಎರಡು ಪಾಲೂ ತಿಂದಿತು.

ಮರುದಿನ ನಾನು ಬಂದಾಗ ಕೆಳಗೆ ರೊಟ್ಟಿಯ ಸಪ್ಪಳವಿತ್ತು, ಮೇಲೆ ಒಂದೇ ಸಿಳ್ಳೆ ಕೇಳಿಸಿತು. ಬೆಲ್ಲ ಮೂಲೆಯಲ್ಲಿ ಮೈಯುಬ್ಬಿಸಿಕೊಂಡು ಕೂತಿತ್ತು. ಕೊತ್ತಂಬರಿ ಮೂಗಿಗೆ ಹಿಡಿದರೂ ಮುಖ ತಿರುಗಿಸಿತು. ಹೊಟ್ಟೆ ಮುಟ್ಟಿದರೆ ಹಲಗೆ ಬಾರಿಸಿದಂತೆ ಬಿಗಿ. ಪಂಜರದಲ್ಲಿ ಅದರ ಒಂದು ಹಿಕ್ಕಿಯೂ ಇರಲಿಲ್ಲ. ಚಿಗವ್ವ ಏನನ್ನೂ ಮುಚ್ಚಿಡದೆ ಕೊಟ್ಟದ್ದನ್ನೆಲ್ಲ ಹೇಳಿದಳು. ಹೇಳಿ ನೆಲಕ್ಕೆ ಕುಳಿತಳು.

"ನನ್ನ ಕೈಲೆ ಉಂಡು ಒಂದ ಜೀವ ಹೋತಂದ್ರ, ನಾ ಮತ್ತ ಮಂದಿಗೆ ಹೆಂಗ ನೀಡ್ಲಿ? ಹಂಚ ಬೋರಲ ಹಾಕಿಬಿಡ್ತೇನಿ," ಎಂದಳು.

ಆಡಿದ ಮಾತಿಗೆ ತಪ್ಪುವವಳಲ್ಲ ಆಕೆ. ನನಗೆ ಬೆಲ್ಲನ ಚಿಂತೆ ಒಂದು, ಆ ಹಂಚಿನ ಚಿಂತೆ ಇನ್ನೊಂದು. ಸಿಕ್ಕ ಬಸ್ಸು ಹತ್ತಿ ಇಬ್ಬರೂ ಹುಬ್ಬಳ್ಳಿಗೆ ಓಡಿದೆವು, ಬುಟ್ಟಿ ಆಕೆಯ ಮಡಿಲಲ್ಲಿ. ಪಕ್ಕದ ಸೀಟಿನವರು ಬುಟ್ಟಿಯಲ್ಲೇನೆಂದು ಕೇಳಿದರೆ ಆಕೆ ಸೆರಗಿನಿಂದ ಬುಟ್ಟಿ ಮುಚ್ಚಿಕೊಂಡಳು. ಮಾತು ಬಿಟ್ಟ ಚಿಗವ್ವನನ್ನು ನಾನು ಕಂಡದ್ದು ಅದೇ ಮೊದಲು.

ಪಶುವೈದ್ಯರು ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ಒಳಗೇನೂ ಸಿಕ್ಕಿಕೊಂಡಿಲ್ಲ, ಗಾಳಿ ತುಂಬಿ ಕರುಳು ನಿಂತಿದೆ ಎಂದರು. ಒಂದು ಸೂಜಿ ಚುಚ್ಚಿ, ಗಾಳಿಗೆ ಹನಿ ಔಷಧಿ ಕೊಟ್ಟರು. ಇನ್ನು ಮೇಲಿನದೆಲ್ಲ ಮನೆಯಲ್ಲಿ ಉಣಿಸುವವರ ಕೈಯಲ್ಲಿದೆ, ಒಣ ಹುಲ್ಲು ಪುಡಿಮಾಡಿ ನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಬದಿಗೆ ಹನಿ ಹನಿ ಬಿಡಬೇಕು, ಹಗಲೂ ರಾತ್ರಿ ಬಿಡದೆ, ಎಂದು ತಿಳಿಸಿದರು.

"ಅದು ಬ್ಯಾಡ ಅಂತ ಮಾರಿ ತಿರುಗಸ್ತೈತ್ರಿ. ನೀವು ಕೇಳಬಾರ್ದು. ಒತ್ತಾಯ ಮಾಡಿ ಉಣಸಬೇಕು," ಎಂದರು.

ಚಿಗವ್ವ ನೆಟ್ಟಗಾದಳು. "ಅಷ್ಟ ಏನ್ರಿ ಡಾಕ್ಟರ? ಹುಟ್ಟಿದಾಗಿಂದ ನಾ ಮತ್ತೇನ ಮಾಡೇನಿ?"

ಅಲ್ಲಿಂದ ಶುರುವಾಯಿತು ನೋಡಿ! ಬಸ್ಸಿನಲ್ಲೇ ಆಕೆಯ ಮಾತು ಮರಳಿ ಬಂತು. ಹಿಂದಿನ ಸೀಟಿನವರಿಗೂ ಗಿನ್ನಿಯ ಕರುಳಿನ ಪಾಠ ಆಯಿತು. ಮನೆಗೆ ಬಂದದ್ದೇ ಶೇಂಗಾ ಹಿಂಡಿ ಮಾಡುವ ಮಿಕ್ಸರ್ ತೊಳೆಸಿ ಕರಕಿ ಪುಡಿಮಾಡಿದಳು. ಅದನ್ನು ಜೋಳದ ಹಿಟ್ಟಿನ ಸಾಣಿಗೆಯಲ್ಲಿ ಎರಡು ಸಲ ಜರಡಿ ಹಿಡಿದಳು. ಸಿರಿಂಜು ನನ್ನ ಅಂಗಡಿಯದು. ರೊಟ್ಟಿ ಬಡಿಯುವ ಕೆಲಸ ಸೊಸೆಯ ಪಾಲಿಗೆ ಬಂತು. ಆಕೆಗೆ ಮಾತು ಕಡಿಮೆ, ರೊಟ್ಟಿ ಅತ್ತೆಯದಕ್ಕಿಂತ ತುಸು ದಪ್ಪ. ಚಿಗವ್ವ ಖಾನಾವಳಿಯ ಬಾಗಿಲಲ್ಲೇ ಬೆಲ್ಲನನ್ನು ಟವಲಿನಲ್ಲಿ ಸುತ್ತಿಕೊಂಡು ಕೂತಳು. ಅದು ಹಲ್ಲು ಬಿಗಿಹಿಡಿಯುತ್ತಿತ್ತು, ಕೈ ಒದೆಯುತ್ತಿತ್ತು. ಆಕೆ ಬಾಯಿಯ ಬದಿಯಿಂದ ಒಂದು ಹನಿ ಬಿಟ್ಟು, ಅದು ನುಂಗುವವರೆಗೆ ಕಾದು, ಇನ್ನೊಂದು ಬಿಡುತ್ತಿದ್ದಳು.

"ನುಂಗು. ನುಂಗಿ ಆಮ್ಯಾಲೆ ಸಿಟ್ಟಾಗು," ಎನ್ನುವಳು.

ನಡುನಡುವೆ ಹೊಟ್ಟೆ ನೀವುವಳು. ಅದೇ ಅಗಲವಾದ ಕೈ, ಆದರೆ ಅಷ್ಟು ಹಗುರವಾಗಿ ನೀವಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಊಟಕ್ಕೆ ಬಂದವರು ಪಿಸುಮಾತಿನಲ್ಲಿ ಉಂಡು ಹೋಗುತ್ತಿದ್ದರು. ಒತ್ತಾಯ ಮಾಡುವವರಿಲ್ಲದೆ ಯಾರ ಹೊಟ್ಟೆಯೂ ತುಂಬಿದಂತೆ ಕಾಣಲಿಲ್ಲ. ಕರಕಿ ತಂದವರು ಮಜ್ಜಿಗೆಯನ್ನು ತಾವೇ ಸುರಿದುಕೊಂಡರು.

ಅದರ ಮರುದಿನ ಊಟದ ಹೊತ್ತು, ತಾಟುಗಳೆಲ್ಲ ಭರ್ತಿ. ನಾನು ಅಂಗಡಿಗೆ ಬೀಗ ಹಾಕಿ ಬಂದು ಕೂತಿದ್ದೆ. ಚಿಗವ್ವ ಥಟ್ಟನೆ ಎದ್ದು ನಿಂತಳು. ಟವಲು ಬಿಡಿಸಿ ನೋಡಿದಳು, ನನ್ನ ಮುಖ ನೋಡಿದಳು. ಅಂಗೈ ಮೇಲೆ ಸಾಸಿವೆಗಿಂತ ತುಸು ದೊಡ್ಡದೊಂದು ಹಿಕ್ಕಿ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು! ನನಗೆ ಕುಣಿಯಬೇಕೆನಿಸಿತು, ಕುಣಿದೂ ಬಿಟ್ಟೆ. ಆಕೆ ಆ ಅಂಗೈ ಚಾಚಿಕೊಂಡು ಪಂಕ್ತಿಯುದ್ದಕ್ಕೂ ನಡೆದಳು. ಕುರಿ ಮೇಕೆ ಸಾಕಿದ ಮಂದಿ, ಯಾರಿಗೂ ತುತ್ತು ಕಹಿಯಾಗಲಿಲ್ಲ. ಮುದುಕರೊಬ್ಬರಂತೂ ಕನ್ನಡಕ ಏರಿಸಿ ನೋಡಿ, ಗಟ್ಟಿ ಐತ್ರಿ, ಚಲೋ ಐತಿ ಎಂದು ತೀರ್ಪು ಕೊಟ್ಟರು. ಕೈ ತೊಳೆದುಕೊಂಡು ಬಂದು ಚಿಗವ್ವ ಎಲ್ಲರ ತಾಟಿಗೂ ಹಬ್ಬದ ಸಿಹಿ ಮಾದಲಿ ಹಾಕಿದಳು. ತಡವಾಗಿ ಬಂದ ಹಮಾಲನೊಬ್ಬ ಮನೆಯಲ್ಲಿ ಯಾರ ನಿಶ್ಚಯ ಎಂದು ಕೇಳಿದ. ಸಾಕು ಎಂದ ಅವನ ಬೆರಳಿಗೂ ಟಕ್ ಎಂದಿತು ಸೌಟು. ಆ ಸಪ್ಪಳ ಕೇಳಿ ನನಗೆ ಕಣ್ಣೀರು ಬಂತು.

ಅದಾದ ಮೇಲೆ ಗಿನ್ನಿಗಳ ಹತ್ತಿರ ಯಾರೂ ರೊಟ್ಟಿಯ ಚೂರು ಹಿಡಿದು ಸುಳಿಯುವಂತಿರಲಿಲ್ಲ. ನನ್ನ ಊಟದ ರೀತಿಯನ್ನೂ ಆಕೆ ಬದಲಿಸಿದಳು. ಒಮ್ಮೆಲೆ ರಾಶಿ ಹಾಕುವುದು ಬಿಟ್ಟು, ಬೆಳಿಗ್ಗೆ ಅರ್ಧ ರೊಟ್ಟಿ, ಅಂಗಡಿಗೆ ಒಂದು ಡಬ್ಬಿ ಅಂಬಲಿ, ಸಂಜೆ ತುಸು ಅನ್ನ ಎಂದು ಕಳಿಸುತ್ತಿದ್ದಳು. "ನಿಂದೂ ಗಿನ್ನಿ ಹೊಟ್ಟಿನ," ಎನ್ನುತ್ತಿದ್ದಳು. ಎಷ್ಟೋ ಮಾತ್ರೆ ನುಂಗಿದರೂ ಹೋಗದ ಎದೆಯುರಿ ಹಾಗೆ ಹೋಯಿತು. ಒತ್ತಾಯ ಮಾತ್ರ ಬಿಡಲಿಲ್ಲ; ಆ ಅರ್ಧ ರೊಟ್ಟಿಗೂ ಸೌಟು ಬಡಿದೇ ಹಾಕುವಳು.

ಹೋದ ಬೇಸಿಗೆಯಲ್ಲಿ ಚಿಗವ್ವ ಹೋದಳು. ಬೆಳಿಗ್ಗೆ ರೊಟ್ಟಿ ಬಡಿದು ಎದ್ದವಳು ಎದೆ ಹಿಡಿದುಕೊಂಡು ಕುಳಿತಳು, ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಬಾಜು ಮನೆಯವರು ಬುತ್ತಿ ತಂದರು. ಎಲ್ಲರಿಗೂ ನೀಡಿದರು. ಸೊಸೆ ಮಾತ್ರ ತಾಟಿನ ಮೇಲೆ ಕೈ ಅಡ್ಡ ಹಿಡಿದು ಕೂತಳು. ಮರುದಿನವೂ ಹಾಗೆಯೇ. ಯಾರು ಹೇಳಿದರೂ ಇಲ್ಲ. ಆ ಮನೆಯಲ್ಲಿ ಒತ್ತಾಯ ಮಾಡಲು ಬರುತ್ತಿದ್ದುದು ಒಬ್ಬಳಿಗೆ, ಆಕೆ ಇರಲಿಲ್ಲ. ನಾನು ಸಾರಿನಲ್ಲಿ ನೆನೆಸಿದ ರೊಟ್ಟಿಯ ಸಣ್ಣ ತುತ್ತು ಮಾಡಿ ಅವಳ ಬಾಯಿಯ ಬದಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು. ನಾನು ಕೈ ತೆಗೆಯಲಿಲ್ಲ.

"ನುಂಗು. ನುಂಗಿ ಆಮ್ಯಾಲೆ ಸಿಟ್ಟಾಗು," ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವಳು ಬಿಕ್ಕಿದಳು, ಬಿಕ್ಕುತ್ತಲೇ ನುಂಗಿದಳು. ಇನ್ನೊಂದು ತುತ್ತು ಕಲಸಿದೆ.

ದಿನಕರ್ಮಗಳು ಮುಗಿದು ಖಾನಾವಳಿ ಮತ್ತೆ ತೆರೆದ ಬೆಳಿಗ್ಗೆ, ನನಗೆ ಎಚ್ಚರವಾದದ್ದು ಬೆಲ್ಲನ ಸಿಳ್ಳೆಗೆ. ಅದರ ಕಿವಿಗೆ ನನಗಿಂತ ಮೊದಲೇ ಕೇಳಿಸಿತ್ತು: ಕೆಳಗೆ ರೊಟ್ಟಿ ಬಡಿಯುವ ಸಪ್ಪಳ. ಎರಡಕ್ಕೂ ಕರಕಿ ಹಾಕಿ ಓಡಿಹೋಗಿ ಕೂತೆ. ರೊಟ್ಟಿ ಈಗಲೂ ತುಸು ದಪ್ಪವೇ. ಅರ್ಧ ಉಂಡು, ರೂಢಿಯಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಮಾತು ಕಡಿಮೆಯ ಆ ಹುಡುಗಿ ಹಿಟ್ಟು ಮೆತ್ತಿದ ಬೆಳ್ಳಗಿನ ಕೈಯಲ್ಲಿ ಸೌಟು ಹಿಡಿದು ನನ್ನೆದುರು ನಿಂತಳು, ತುಸು ಅನುಮಾನಿಸಿದಳು, ನನ್ನ ಬೆರಳ ಮೇಲೆ ಟಕ್ ಎಂದು ಬಡಿದಳು.

ನಾನು ಕೈ ತೆಗೆದೆ.