ಮಾಷ್ಟ್ರ ಪಾಲಿನ ಕುಬೂಸ್

ಮೊನ್ನೆ ದೋಹಾದ ಹೊರಗಿನ ಉಮ್ಮ್ ಸಲಾಲ್‌ನಲ್ಲಿ ಕಾರಿನ ಟಯರಿಗೆ ಗಾಳಿ ಹಾಕಿಸುತ್ತಾ ನಿಂತಿದ್ದೆ. ಪಕ್ಕದ ಬೇಕರಿಯಿಂದ ಬಿಸಿ ಕುಬೂಸಿನ ವಾಸನೆ ಬಂತು. ತಳ ಸ್ವಲ್ಪ ಸೀದ ರೊಟ್ಟಿಯ ವಾಸನೆ. ಗಾಳಿ ಹಾಕುವವನು ಕರೆದದ್ದೂ ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ನಾನು ನಗರದೊಳಗಿನ ಬಿನ್ ಮಹಮೂದ್‌ನ ನಮ್ಮ ಹಳೆಯ ಕಟ್ಟಡದ ಕೆಳಗೆ, ಮಾಷ್ಟ್ರ ಪಕ್ಕದಲ್ಲಿ ನಿಂತಾಗಿತ್ತು...

ಮಾಷ್ಟ್ರು ನಮ್ಮ ಎದುರು ಫ್ಲ್ಯಾಟಿನವರು. ಉಡುಪಿ ಕಡೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ನರ್ಸ್ ಆಗಿದ್ದ ಮಗಳ ಜೊತೆ ಇರಲು ದೋಹಾಕ್ಕೆ ಬಂದಿದ್ದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಮಾತು ಮಾತ್ರ ಕನ್ನಡದಲ್ಲಿ. ಅವರಿಗೆ ಒಬ್ಬ ಅಮೆರಿಕನ್ ಚಿಂತಕನ ಹುಚ್ಚು. ಆ ದೇಶದ ಸಂಪ್ರದಾಯವಾದಿಗಳಿಗೆಲ್ಲ ಗುರು ಎನಿಸಿಕೊಂಡು ಕೆಲವೇ ವರ್ಷಗಳ ಹಿಂದೆ ತೀರಿಕೊಂಡಿದ್ದ ಮನುಷ್ಯ ಅವನು. ಮಾಷ್ಟ್ರು ಅವನನ್ನು ಮನೆಯ ಹಿರಿಯನ ಹಾಗೆ 'ನಮ್ಮ ಮುದುಕ' ಎನ್ನುತ್ತಿದ್ದರು.

ಸಂಜೆ ಇಬ್ಬರೂ ಒಟ್ಟಿಗೆ ಕುಬೂಸ್ ತರಲು ಇಳಿಯುತ್ತಿದ್ದೆವು. ಕೆಳಗಿನ ಬೇಕರಿಯ ಇರಾಕಿಗೆ ಒಂದು ಪದ್ಧತಿ ಇತ್ತು. ಒಲೆಯಿಂದ ತೆಗೆದ ಮೊದಲ ಕುಬೂಸ್ ಸಾಲಿನಲ್ಲಿ ಹಿರಿಯರು ಯಾರೋ ಅವರ ಕೈಗೆ. ಅದಕ್ಕೆ ದುಡ್ಡಿಲ್ಲ. ಅಲ್ಲೇ ನಿಂತು ತಿನ್ನಬೇಕು. ಬಾಗ್ದಾದಿನಲ್ಲಿ ಅವನ ಅಜ್ಜ ಹಾಗೆ ಮಾಡುತ್ತಿದ್ದನಂತೆ.

"ನೋಡು ಮಾರಾಯ, ನಮ್ಮ ಮುದುಕ ಹೇಳುದು ಇದನ್ನೇ," ಎಂದು ಮಾಷ್ಟ್ರು ಬಾಯಿ ಸುಟ್ಟುಕೊಳ್ಳುತ್ತಾ ಹೇಳುತ್ತಿದ್ದರು. "ಇದು ಯಾರೋ ಕೂತು ಬರೆದ ಕಾನೂನಲ್ಲ. ತಾನಾಗಿ ಬೆಳೆದದ್ದು. ಇದನ್ನು ಕಿತ್ತು ಹೊಸತು ನೆಡ್ಲಿಕ್ಕೆ ಹೋಗ್ಬಾರ್ದು. ಅಮೆರಿಕದಲ್ಲೂ ಹೀಗೆ ಯೋಚಿಸಿದವ ಒಬ್ಬ ಇದ್ದ ಅಂತ ಇವನಿಗೆ ಹೇಳು."

ನಾನು ನನ್ನ ಹರಕು ಅರಬಿಯಲ್ಲಿ ಹೇಳುತ್ತಿದ್ದೆ. ಇರಾಕಿ ನಗುತ್ತಿದ್ದ.

ಆಮೇಲೆ ಇರಾಕ್ ಯುದ್ಧ ಶುರುವಾಯಿತು. ಟಿವಿಯಲ್ಲಿ ಟೈ ಕಟ್ಟಿಕೊಂಡವರು ಬಂದು, ಆ ದೇಶವನ್ನು ಹೊಸದಾಗಿ ಕಟ್ಟಿಕೊಡುತ್ತೇವೆ ಎಂದರು. ತಮ್ಮನ್ನು ಸಂಪ್ರದಾಯವಾದಿಗಳು ಎಂದೂ ಕರೆದುಕೊಂಡರು.

"ಇವರೆಲ್ಲ ನಿಮ್ಮ ಮುದುಕನ ಮಕ್ಕಳಲ್ವಾ ಮಾಷ್ಟ್ರೇ?" ಎಂದು ನಾನು ಕಾಲೆಳೆದೆ.

ಅವರು ನಗಲಿಲ್ಲ. "ಮುದುಕ ಇರಾಕಿನ ಮೇಲೆ ಹಿಂದೆ ಆದ ಯುದ್ಧವನ್ನೇ ಬೇಡ ಅಂದವ. ಆದ್ರೆ ನಮ್ಮ ಮನೆ ಹೆಸರು ಹೇಳಿಕೊಂಡು ಯಾರೋ ಕೊಳ್ಳೆ ಹೊಡೆದ್ರೆ ನಮಗೆ ನಾಚಿಕೆ ಆಗುದಿಲ್ವಾ?"

ಮರುದಿನದಿಂದ ಅವರು ಕೆಳಗೆ ಇಳಿಯುವುದನ್ನೇ ಬಿಟ್ಟರು. ತಮ್ಮ ಮನೆಯ ಕುಬೂಸನ್ನೂ ನನ್ನಿಂದಲೇ ತರಿಸಿಕೊಂಡರು. ಇರಾಕಿ ದಿನವೂ, "ಉಸ್ತಾದ್ ಎಲ್ಲಿ?" ಎಂದು ಮಾಷ್ಟ್ರ ಬಗ್ಗೆ ಕೇಳುತ್ತಿದ್ದ. ಮೊದಲ ಕುಬೂಸನ್ನು ಬಟ್ಟೆಯಲ್ಲಿ ಸುತ್ತಿ ಬದಿಗೆ ಇಡುತ್ತಿದ್ದ. ಅವನ ಅಕ್ಕ ಬಾಗ್ದಾದಿನಲ್ಲಿದ್ದಳು. ಅಲ್ಲಿಗೆ ಫೋನೇ ಹೋಗುತ್ತಿರಲಿಲ್ಲ.

ಇನ್ನು ನನ್ನ ವಿಷಯ. ನನ್ನ ಕಂಪನಿ ದೋಹಾದ ಹೊರಗಿನ ಅಮೆರಿಕನ್ ಸೇನಾ ನೆಲೆಗೆ ಊಟ ಸರಬರಾಜು ಮಾಡುತ್ತಿತ್ತು. ಯುದ್ಧ ಬಂದದ್ದೇ ನಮಗೆ ಓವರ್‌ಟೈಮೋ ಓವರ್‌ಟೈಮ್. ಅಲ್ ರಯ್ಯಾನ್‌ನಲ್ಲಿ ದೊಡ್ಡ ಮನೆ ನೋಡುವ ಎಂದು ಹೆಂಡತಿಗೆ ಹೇಳಿಯೂ ಆಗಿತ್ತು. ಮಾಷ್ಟ್ರಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನವೂ ಅವರು ಅದರ ಮಾತೆತ್ತಲಿಲ್ಲ.

ಒಂದು ಸಂಜೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲು ತಟ್ಟಿದರು. "ಬಾ, ಕೆಳಗೆ ಹೋಗುವ. ನಾನು ಹೇಳಿದ್ದನ್ನು ನೀನು ಅರಬಿಯಲ್ಲಿ ಹೇಳ್ಬೇಕು."

ನಾನು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದೆ. ನೆಲೆಯ ಗೇಟ್ ಪಾಸ್ ಕೊರಳಲ್ಲೇ ನೇತಾಡುತ್ತಿತ್ತು. ಮೆಟ್ಟಿಲಿಳಿಯುವಾಗ ಅದನ್ನು ಮೆಲ್ಲನೆ ಅಂಗಿಯ ಒಳಗೆ ಸೇರಿಸಿದೆ.

ಇರಾಕಿಯ ಎದುರು ಮಾಷ್ಟ್ರು ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ನಿಂತರು. "ನಾನು ಜೀವಮಾನ ಇಡೀ ಒಬ್ಬ ಅಮೆರಿಕದವನ ಮಾತು ಕಲಿಸಿದೆ ಅಂತ ಹೇಳು. ಅವನ ಹೆಸರು ಹೇಳುವವರೇ ಇವತ್ತು ಇವನ ಊರು ಸುಡ್ತಾ ಇದ್ದಾರೆ. ನನಗೆ ನಾಚಿಕೆ ಆಗ್ತದೆ ಅಂತ ಹೇಳು."

ನಾಚಿಕೆಗೆ ಅರಬಿಯಲ್ಲಿ ಐಬ್ ಎನ್ನುತ್ತಾರೆ. ಗಲ್ಫಿಗೆ ಬಂದವರು ಬೇಗನೆ ಕಲಿಯುವ ಪದ ಅದು. ಆ ಪದವನ್ನು ನಾನು ಬಿಟ್ಟುಬಿಟ್ಟೆ. "ಉಸ್ತಾದರಿಗೆ ಬೇಸರವಾಗಿದೆ," ಎಂದಷ್ಟೇ ಹೇಳಿದೆ.

ಇರಾಕಿ ಅವರ ಮುಖವನ್ನೇ ನೋಡಿದ. ಅಲ್ಲಿ ಅವನಿಗೆ ಎಲ್ಲವೂ ಕಂಡಿರಬೇಕು. "ವಿಮಾನ ಹಾರಿಸಿದ್ದು ಉಸ್ತಾದರಾ? ಹಾರಿಸಿದವರಿಗೆ ಊಟ ಹಾಕಿದ್ದು ಉಸ್ತಾದರಾ? ಖಲಾಸ್," ಎಂದು ಬಿಸಿ ಕುಬೂಸನ್ನು ಮಾಷ್ಟ್ರ ಎರಡೂ ಕೈಗಳಲ್ಲಿ ಇಟ್ಟ. ಅವರು ಅಳುತ್ತಲೇ ತಿಂದರು. ಆಮೇಲೆ ಅವನು ನನ್ನ ಕಡೆ ತಿರುಗಿ, ಯಾವತ್ತೂ ಇಲ್ಲದವನು, ನನಗೂ ಒಂದು ಕೊಟ್ಟ. ಉಸ್ತಾದರನ್ನು ಕರೆತಂದದ್ದಕ್ಕಂತೆ.

"ಅವನು ಎಂತ ಹೇಳಿದ್ದು?" ಎಂದು ಮಾಷ್ಟ್ರು ಕೇಳಿದರು.

"ತಿನ್ನಿ ಅಂದ," ಎಂದೆ. ನಾನೂ ತಿಂದೆ. ಅಂಗಿಯೊಳಗೆ ಪಾಸ್ ಎದೆಗೆ ಒತ್ತುತ್ತಿತ್ತು.

ಮಾಷ್ಟ್ರು ಆಮೇಲೆ ಊರಿಗೆ ಮರಳಿದರು. ಅವರು ತೀರಿಹೋದ ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದಳು. ಆ ಕಟ್ಟಡವೂ ಈಗಿಲ್ಲ. ಇರಾಕಿ ಎಲ್ಲಿದ್ದಾನೋ, ಅವನ ಅಕ್ಕ ಉಳಿದಳೋ ಇಲ್ಲವೋ... ನಾನು ಕೇಳಲೇ ಇಲ್ಲ. ಬರೀ ಪುಸ್ತಕ ಓದಿದವರು ನಾಚಿಕೆಯಿಂದ ಮೆಟ್ಟಿಲು ಇಳಿಯಲಾರದೆ ಕೂತರು. ಆ ಯುದ್ಧದ ಅನ್ನ ಉಂಡ ನಾನು ದಿನಾ ಇಳಿದೆ.

ಉಮ್ಮ್ ಸಲಾಲ್‌ನ ಬೇಕರಿಯ ಸಾಲಿನಲ್ಲಿ ಹೋಗಿ ನಿಂತೆ. ಅಲ್ಲಿದ್ದವರಲ್ಲಿ ತಲೆ ಪೂರ್ತಿ ನರೆತದ್ದು ನನ್ನದೊಂದೇ. ಆ ಅಂಗಡಿಯಲ್ಲಿ ಹಿರಿಯರಿಗೆ ಮೊದಲ ಕುಬೂಸ್ ಕೊಡುವ ಪದ್ಧತಿ ಇರಲಿಲ್ಲ. ಸದ್ಯ, ನಾನು ಬಚಾವಾದೆ ಎಂದುಕೊಂಡೆ.