ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ಬರಿಗೈಯಲ್ಲಿ

ಸೊಹಾರ್‌ನಿಂದ ಮಸ್ಕತ್ ವಿಮಾನ ನಿಲ್ದಾಣಕ್ಕೆ ಇನ್ನೂರು ಕಿಲೋಮೀಟರ್, ಕಂಪನಿ ಕಾರಿನಲ್ಲಿ ಎರಡು ಗಂಟೆ. ಅಲ್ಯೂಮಿನಿಯಂ ಕಾರ್ಖಾನೆಯ ಹೊಸ ಯಂತ್ರದ ತರಬೇತಿಗೆಂದು ಒಂದು ವಾರ ಸ್ಟಾಕ್‌ಹೋಮಿಗೆ ಹೊರಟಿದ್ದೆ. ಕಾರು ಬರುವ ಮೊದಲೇ ಪಕ್ಕದ ಫ್ಲ್ಯಾಟಿನ ಹಮೀದಿಚ್ಚ ಒಂದು ಡಬ್ಬಿ ಹಿಡಿದು ನಿಂತಿದ್ದರು. ಗಲ್ಫಿನಿಂದ ಹೊರಡುವವನ ಪೆಟ್ಟಿಗೆಯಲ್ಲಿ ಅರ್ಧ ಸಾಮಾನು ಬೇರೆಯವರದ್ದೇ.

"ಬಾಣಂತಿ ಲೇಹ್ಯ, ಸಫೀನಾಳಿಗೆ" ಎಂದರು. ಮಗಳು ಹೆಲ್ಸಿಂಕಿಯಲ್ಲಿ ಹೆತ್ತು ಹದಿನೈದು ದಿನವಾಗಿತ್ತು. ವೀಸಾ ಆಗದೆ ತಾಯಿ ಇಲ್ಲೇ ಉಳಿದಿದ್ದರು. "ಇವಳು ಆ ಕೈನೋವಲ್ಲೇ ಎರಡು ದಿನ ಮಗುಚಿ ಕಾಯಿಸಿದ್ದು. ಅಲ್ಲಿಂದ ಹತ್ತಿರ ಉಂಟಲ್ಲ ಮಾರಾಯ?"

ಹತ್ತಿರವೇ. ಸುಮಾರು ನಾನೂರು ಕಿಲೋಮೀಟರ್, ಒಂದು ಗಂಟೆಯ ಹಾರಾಟ. ಹೆಲ್ಸಿಂಕಿಯ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಟಿಕೆಟಿನಲ್ಲಿ ಮಾತ್ರ ಎರಡು ಗಂಟೆ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಹೋಗಿ ಸಂಜೆ ಬರಲು ಲಗೇಜಿಲ್ಲದ ಅಗ್ಗದ ಟಿಕೆಟ್ ತೆಗೆದೆ. ಹತ್ತು ರಿಯಾಲ್ ಉಳಿಸಿದೆನೆಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮಸ್ಕತ್‌ನಿಂದ ದೊಡ್ಡ ಪೆಟ್ಟಿಗೆಯಲ್ಲಿ ಬಂದಿದ್ದ ಡಬ್ಬಿಯನ್ನು ಆ ದಿನ ಕೈಚೀಲಕ್ಕೆ ಹಾಕಿಕೊಂಡೆ. ಸ್ಟಾಕ್‌ಹೋಮ್ ವಿಮಾನ ನಿಲ್ದಾಣದ ಸೆಕ್ಯುರಿಟಿಯಲ್ಲಿ ಹುಡುಗಿಯೊಬ್ಬಳು ಅದರ ಮುಚ್ಚಳ ತೆಗೆದಳು. ಮೆಂತೆ, ಬೆಲ್ಲ, ತುಪ್ಪದ ಪರಿಮಳ ಹರಡಿತು. ದ್ರವವೂ ಇಂಥ ಮೆತ್ತನೆಯದ್ದೂ ನೂರು ಮಿಲಿಲೀಟರಿಗಿಂತ ಹೆಚ್ಚು ಕೈಚೀಲದಲ್ಲಿ ಒಯ್ಯುವಂತಿಲ್ಲವಂತೆ. ಮಂಗಳೂರಿಗೆ ಹೋಗುವಾಗ ಬೆಲೆಬಾಳುವುದನ್ನೆಲ್ಲ ಕೈಚೀಲದಲ್ಲೇ ಇಡುವ ಇಪ್ಪತ್ತು ವರ್ಷದ ಅಭ್ಯಾಸ ನನ್ನದು. ಈ ನಿಯಮ ಗೊತ್ತಿದ್ದರೂ ಲೇಹ್ಯ ಅದಕ್ಕೆ ಸೇರುತ್ತದೆಂದು ಹೊಳೆದಿರಲಿಲ್ಲ.

"ಹೊರಗೆ ಹೋಗಿ ಹಣ ಕಟ್ಟಿ ಲಗೇಜಿಗೆ ಹಾಕಿ ಬನ್ನಿ" ಎಂದಳು ಅವಳು, ಮರ್ಯಾದೆಯಿಂದಲೇ. ಹಿಂದೆ ಉದ್ದದ ಸಾಲಿತ್ತು. ವಿಮಾನ ತಪ್ಪೀತೆಂದು ಹೆದರಿ ಡಬ್ಬಿ ಬಿಟ್ಟೆ. ಅವಳು ಅದನ್ನು ಕಸದ ತೊಟ್ಟಿಗೆ ಹಾಕಿದಳು. ಆಮೇಲೆ ವಿಮಾನ ನಲವತ್ತು ನಿಮಿಷ ತಡವಾಗಿ ಹೊರಟಿತು.

ಹೆಲ್ಸಿಂಕಿಯಲ್ಲಿ ಸಣ್ಣಗೆ ಹಿಮ ಬೀಳುತ್ತಿತ್ತು. ಸಫೀನಾ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲು ತೆರೆದಳು. ನನ್ನ ಕೈ ನೋಡಿದಳು. ನಡೆದದ್ದು ಹೇಳಿದೆ. ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಇಟ್ಸ್ ಓಕೆ ಅಂಕಲ್. ಉಮ್ಮನಿಗೆ ಹೇಳ್ಬೇಡಿ, ಪ್ಲೀಸ್. ಸಿಕ್ಕಿತು ಅಂತ ನಾನೇ ಹೇಳ್ತೇನೆ."

ಒಪ್ಪಿದೆ. ನನಗೂ ಅದೇ ಬೇಕಾಗಿತ್ತು. ನಾಚಿಕೆಗೇಡು ಅಂದರೆ ಇದೇ. ಅವಳು ಬಡಿಸಿದ ಅನ್ನ, ಮೀನುಸಾರು ಉಂಡು ಸಂಜೆಯ ವಿಮಾನಕ್ಕೆ ಹೊರಟೆ.

ವಾರ ಮುಗಿಸಿ ಸೊಹಾರ್‌ಗೆ ಮರಳಿದಾಗ ಹಮೀದಿಚ್ಚ ಲಿಫ್ಟಿನ ಹತ್ತಿರವೇ ಸಿಕ್ಕಿದರು. ಮುಖ ಅರಳಿತ್ತು.

"ಮಗಳು ಫೋನ್ ಮಾಡಿದ್ಲು. ಇಷ್ಟು ರುಚಿಯದ್ದು ತಿಂದೇ ಇಲ್ಲ ಅಂತೆ, ನಾಲ್ಕೇ ದಿನದಲ್ಲಿ ಖಲಾಸ್! ಕೇಳಿದ ಮೇಲೆ ಇವಳು ಸುಮ್ನೆ ಕೂರ್ತಾಳಾ? ಕೈಗೆ ಪಟ್ಟಿ ಕಟ್ಟಿಕೊಂಡು ನಿನ್ನೆಯಿಂದ ಪುನಃ ಮಗುಚ್ತಾ ಇದ್ದಾಳೆ. ನಿಮ್ಮ ಕಂಪನಿಯಿಂದ ಇನ್ನು ಯಾರಾದ್ರೂ ಆ ಕಡೆ ಹೋಗ್ಲಿಕ್ಕೆ ಉಂಟಾ?"

ಯಾರೂ ಇರಲಿಲ್ಲ. "ವಿಚಾರಿಸ್ತೇನೆ" ಎಂದೆ.